‘ಸುರಕ್ಷಿತ’ ಕೊಡಗಿನಲ್ಲಿ ಬತ್ತುವ ಬಾವಿಗಳು: ಅಂತರ್ಜಲದ ಸಹಾಯಧನ ಯಾವುದಕ್ಕೆ ಸಲ್ಲುತ್ತಿದೆ?

ಬೇಸಿಗೆ ಹತ್ತಿರವಾದಂತೆ ಕೊಡಗಿನ ಓದುಗರಿಗೆ ಮೂರು ಬಗೆಯ ಸುದ್ದಿಗಳು ಒಟ್ಟಿಗೇ ಎದುರಾಗುತ್ತವೆ. ತುಂತುರು ನೀರಾವರಿಗೆ, ಕೃಷಿ ಹೊಂಡಕ್ಕೆ, ತೆರೆದ ಬಾವಿಗೆ ಸಹಾಯಧನವಿದೆ, ಅರ್ಹ ರೈತರು ಅರ್ಜಿ ಸಲ್ಲಿಸಬಹುದು ಎಂಬ ಇಲಾಖೆಗಳ ಪ್ರಕಟಣೆ ಮೊದಲನೆಯದು. ಹೊಳೆಗಳಲ್ಲಿ ಹರಿವು ಕುಗ್ಗಿರುವುದರಿಂದ ಕುಡಿಯುವ ನೀರಿಗೆ ಆದ್ಯತೆ ಕೊಡಬೇಕು, ತೋಟಗಳಿಗಾಗಿ ನದಿಗೆ ಪಂಪ್ ಇಳಿಸಬಾರದು ಎಂಬ ಸೂಚನೆ ಎರಡನೆಯದು. ಅಂತರ್ಜಲದ ಮೌಲ್ಯಮಾಪನದಲ್ಲಿ ಕೊಡಗು ‘ಸುರಕ್ಷಿತ’ ವರ್ಗದಲ್ಲಿದೆ ಎಂಬ ವರದಿ ಮೂರನೆಯದು. ನೀರು ಸಾಕಷ್ಟಿದ್ದರೆ ಉಳಿಸಲು ಹಣವೇಕೆ, ಸಾಲದಿದ್ದರೆ ಸುರಕ್ಷಿತ ಹೇಗೆ, ಎತ್ತಬಾರದೆಂದ ಮೇಲೆ ಎತ್ತಿ ಹಾಯಿಸುವ ಸಲಕರಣೆಗೆ ನೆರವೇಕೆ ಎಂದು ಬೆಳೆಗಾರರು ಕೇಳಿದರೆ ಅದು ಕುತರ್ಕವಲ್ಲ.

ಮೂರೂ ಸುದ್ದಿಗಳು ಅವುಗಳ ಮಟ್ಟಿಗೆ ನಿಜವೇ. ಅವು ಒಂದಕ್ಕೊಂದು ಹೊಂದದಿರುವುದಕ್ಕೆ ಕಾರಣ ಬೇರೆ ಕಡೆ ಇದೆ. ಅಂತರ್ಜಲ ಉಳಿಸುವ ಸಹಾಯಧನಗಳನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಬಯಲುಸೀಮೆಯ ಕೊರತೆ: ಮಳೆ ಕಡಿಮೆ, ಕೊಳವೆ ಬಾವಿ ಹೆಚ್ಚು, ವರ್ಷದಿಂದ ವರ್ಷಕ್ಕೆ ಇಳಿಯುವ ನೀರಿನ ಮಟ್ಟ. ಕೊಡಗಿನ ಕೊರತೆ ಆ ಬಗೆಯದಲ್ಲ. ಇಲ್ಲಿ ಮಳೆ ಧಾರಾಳವಾಗಿ ಬಂದು ಹೋಗುತ್ತದೆ. ಅದರ ಒಂದು ಸಣ್ಣ ಪಾಲನ್ನು ಮಾರ್ಚ್ ತಿಂಗಳವರೆಗೆ ಭೂಮಿಯ ಮೇಲ್ಪದರದಲ್ಲಿ ಹಿಡಿದಿಡುವುದೇ ಕಷ್ಟ. ಗಿಡದ ಬುಡಕ್ಕೆ ನೀರು ಮುಟ್ಟಿಸುವ ಉಪಕರಣಕ್ಕೆ ಸಿಗುವ ಹಣದ ಮುಂದೆ, ನೀರನ್ನು ಬೆಟ್ಟದಲ್ಲಿ ನಿಲ್ಲಿಸುವ ಕೆಲಸಕ್ಕೆ ಸಿಗುವ ಹಣ ಚದುರಿಹೋಗಿದೆ, ಕೆಲವೆಡೆ ಇಲ್ಲವೇ ಇಲ್ಲ. ಗೊಂದಲದ ಮೂಲ ಇಲ್ಲಿದೆ ಎಂಬುದು ಈ ಲೇಖನದ ವಾದ.

ಮೌಲ್ಯಮಾಪನ ಅಳೆಯುವುದೇನು

ಕೇಂದ್ರ ಅಂತರ್ಜಲ ಮಂಡಳಿಯು ರಾಜ್ಯದ ಅಂತರ್ಜಲ ನಿರ್ದೇಶನಾಲಯದ ಜೊತೆಗೂಡಿ ನಡೆಸುವ ಮೌಲ್ಯಮಾಪನದ ತತ್ತ್ವ ಸರಳವಾದದ್ದು. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ನೀರು ಭೂಮಿಗೆ ಇಂಗುತ್ತದೆ, ಅದರಲ್ಲಿ ತೆಗೆದು ಬಳಸಬಹುದಾದದ್ದು ಎಷ್ಟು, ನಿಜವಾಗಿ ತೆಗೆಯುತ್ತಿರುವುದು ಎಷ್ಟು ಎಂದು ಅಂದಾಜಿಸಲಾಗುತ್ತದೆ. ಬಳಸಬಹುದಾದದ್ದರಲ್ಲಿ ತೆಗೆಯುವ ಪ್ರಮಾಣ ಶೇ. 70ರ ಒಳಗಿದ್ದರೆ ಸುರಕ್ಷಿತ, 70ರಿಂದ 90ರವರೆಗೆ ಅರೆ ಗಂಭೀರ, 90ರಿಂದ 100ರವರೆಗೆ ಗಂಭೀರ, 100 ದಾಟಿದರೆ ಅತಿಬಳಕೆ. ಕೋಲಾರದ ತಾಲ್ಲೂಕುಗಳು ಕೊನೆಯ ವರ್ಗದಲ್ಲಿ ಸಿಲುಕಿವೆ. ಕೊಡಗು ಬಹುಕಾಲದಿಂದ ಮೊದಲ ವರ್ಗದಲ್ಲೇ ಇದೆ.

ಈ ಲೆಕ್ಕ ತಪ್ಪಲ್ಲ, ಆದರೆ ಅದು ಇಡೀ ವರ್ಷದ ಸರಾಸರಿ. ವರ್ಷದ ಒಟ್ಟು ಆದಾಯವನ್ನು ನೋಡಿ ಒಂದು ಮನೆ ಸ್ಥಿತಿವಂತವೆಂದು ತೀರ್ಮಾನಿಸಿದರೆ, ಆ ಮನೆಯಲ್ಲಿ ಪ್ರತಿ ತಿಂಗಳ ಕೊನೆಯ ವಾರ ಕೈ ಬರಿದಾಗುವುದು ಗೊತ್ತಾಗುವುದಿಲ್ಲ. ಕೊಡಗಿನ ಭೂಮಿಯ ಸ್ವಭಾವ ಇಂಥದ್ದೇ. ಅಡಿಯಲ್ಲಿರುವುದು ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಶಿಲೆ. ಅದರ ಮೇಲೆ ಶಿಥಿಲಗೊಂಡ ಕಲ್ಲು ಮತ್ತು ಮಣ್ಣಿನ ಪದರವಿದ್ದು, ಮಳೆನೀರು ನಿಲ್ಲುವುದು ಮುಖ್ಯವಾಗಿ ಈ ಪದರದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತುಂಬಿ ತುಳುಕುತ್ತದೆ. ಆದರೆ ಇಳಿಜಾರು ಕಡಿದಾಗಿರುವುದರಿಂದ ತುಂಬಿದ ನೀರು ಅಲ್ಲೇ ನಿಲ್ಲದೆ ತೋಡುಗಳಿಗೂ, ತೋಡಿನಿಂದ ಹೊಳೆಗೂ ಒಸರುತ್ತಲೇ ಇರುತ್ತದೆ. ಮಳೆ ನಿಂತ ಮೇಲೂ ಕಾವೇರಿ, ಲಕ್ಷ್ಮಣತೀರ್ಥ, ಹಾರಂಗಿ ಹರಿಯುವುದು ಈ ಒಸರಿನಿಂದಲೇ. ಜನವರಿ ಕಳೆಯುವಷ್ಟರಲ್ಲಿ ಮೇಲ್ಪದರದ ನೀರು ಬಹುಪಾಲು ಇಳಿದುಹೋಗಿರುತ್ತದೆ. ಯಾರೂ ಪಂಪ್ ಹಚ್ಚದಿದ್ದರೂ ಈ ಇಳಿಕೆ ತಪ್ಪದು. ಪಂಪ್ ಹಚ್ಚಿದರೆ ಇನ್ನೂ ಬೇಗ ಆಗುತ್ತದೆ.

ಹಾಗಾಗಿ ವಾರ್ಷಿಕ ಲೆಕ್ಕದಲ್ಲಿ ಸುರಕ್ಷಿತವಾಗಿರುವ ತಾಲ್ಲೂಕಿನಲ್ಲೇ ಮಾರ್ಚ್ ತಿಂಗಳಲ್ಲಿ ಬಾವಿ ಬತ್ತಬಹುದು. ಇದರಲ್ಲಿ ವಿರೋಧವಿಲ್ಲ. ಆದರೆ ಸರ್ಕಾರದ ಹಣ ಹರಿಯುವುದು ಮೌಲ್ಯಮಾಪನದ ವರ್ಗವನ್ನು ನೋಡಿ. 2019ರ ಡಿಸೆಂಬರ್‌ನಲ್ಲಿ ಆರಂಭವಾದ, ವಿಶ್ವಬ್ಯಾಂಕ್ ಸಾಲವೂ ಸೇರಿ 6,000 ಕೋಟಿ ರೂಪಾಯಿಯ ಅಟಲ್ ಭೂಜಲ ಯೋಜನೆಯನ್ನು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ನೀರಿನ ಒತ್ತಡವಿರುವ ಪ್ರದೇಶಗಳಿಗೆ ಮಾತ್ರ ಕೊಡಲಾಯಿತು. ರಾಜ್ಯದ 14 ಜಿಲ್ಲೆಗಳು ಅದರಲ್ಲಿ ಬಂದವು, ಕೊಡಗು ಬರಲಿಲ್ಲ. ಪಂಚಾಯಿತಿ ಮಟ್ಟದಲ್ಲಿ ನೀರಿನ ಲೆಕ್ಕವನ್ನು ಜನರ ಮುಂದಿಟ್ಟು, ಯೋಜನೆ ಮಾಡಿ, ಫಲಿತಾಂಶ ಕಂಡ ಮೇಲೆ ಪ್ರೋತ್ಸಾಹಧನ ಕೊಡುವ ಕ್ರಮ ಅದರಲ್ಲಿತ್ತು. ಉಪಕರಣಕ್ಕಿಂತ ಫಲಿತಾಂಶಕ್ಕೆ ಹಣ ಕೊಡುವ ಆ ಪ್ರಯೋಗ ಈ ಬೆಟ್ಟಗಳಿಗೆ ತಲುಪಲೇ ಇಲ್ಲ. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಕೊಳವೆ ಬಾವಿಗೆ ಪ್ರಾಧಿಕಾರದ ಅನುಮತಿ ಬೇಕೆನ್ನುವ ಅದರ ಬಿಗಿ ಅಧಿಸೂಚಿತ ಪ್ರದೇಶಗಳಿಗೆ. ಅತಿಬಳಕೆಯ ತಾಲ್ಲೂಕುಗಳನ್ನು ಉದ್ದೇಶಿಸಿದ ಆ ಪಟ್ಟಿಯಿಂದ ಕೊಡಗು ಹೊರಗುಳಿದಿದೆ. ಸುರಕ್ಷಿತ ಎನಿಸಿಕೊಂಡದ್ದರಿಂದ ನೆರವೂ ಇಲ್ಲ, ನಿಯಂತ್ರಣವೂ ಇಲ್ಲ.

ಒಂದು ಎಕರೆ ರೊಬಸ್ಟಾದ ಲೆಕ್ಕ

ಬೇಡಿಕೆ ಯಾಕೆ ಫೆಬ್ರವರಿ, ಮಾರ್ಚ್‌ಗೇ ಬಂದು ನಿಲ್ಲುತ್ತದೆ ಎಂಬುದನ್ನು ಕಾಫಿ ಬೆಳೆಯದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರೊಬಸ್ಟಾ ಎಂಬ ಕಾಫಿ ಬಗೆಯ ಗಿಡದ ಮೊಗ್ಗು ಒಣಹವೆಯಲ್ಲಿ ಬಲಿತು ಸುಪ್ತವಾಗಿರುತ್ತದೆ. ಒಳ್ಳೆಯ ಒಂದು ಹದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಹೂವಾಗುತ್ತದೆ. ಈ ಹೂಮಳೆ ತಪ್ಪಿದರೆ ಅಥವಾ ಅರೆಬರೆ ಬಿದ್ದರೆ ಆ ವರ್ಷದ ಫಸಲೇ ಕೈತಪ್ಪುತ್ತದೆ. ಹೂವಾದ ಮೂರು ವಾರಗಳ ಆಸುಪಾಸಿನಲ್ಲಿ ಕಾಯಿ ಕಚ್ಚಲು ಇನ್ನೊಂದು ಮಳೆ, ಬೆಳೆಗಾರರು ಬ್ಯಾಕಿಂಗ್ ಎಂದು ಕರೆಯುವುದು, ಬೇಕು. ಆಕಾಶ ಕೊಡದಿದ್ದರೆ ಸ್ಪ್ರಿಂಕ್ಲರ್ ಕೊಡಬೇಕು.

ಹೂವಿಗೆ ಸುಮಾರು ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಸುಮಾರು ಒಂದು ಇಂಚು ಎಂದು ಹಿಡಿಯೋಣ. ಒಂದು ಎಕರೆಯ ಮೇಲೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಎರಡು ಸುತ್ತಿಗೆ ಎಕರೆಗೆ ಎರಡೂವರೆ ಲಕ್ಷ ಲೀಟರ್ ಬೇಕು. ಹತ್ತು ಎಕರೆ ತೋಟಕ್ಕೆ 25 ಲಕ್ಷ ಲೀಟರ್. ಗಂಟೆಗೆ ಐದು ಸಾವಿರ ಲೀಟರ್ ಕೊಡುವ ಕೊಳವೆ ಬಾವಿ ಇದನ್ನು ಪೂರೈಸಲು 500 ಗಂಟೆ ಓಡಬೇಕಾಗುತ್ತದೆ. ಅಷ್ಟು ಕಾಯಲು ಹೂವಿಗೆ ವ್ಯವಧಾನವಿಲ್ಲದ್ದರಿಂದ, ತಿಂಗಳುಗಟ್ಟಲೆ ಮೊದಲೇ ಕೊಳವೆ ಬಾವಿಯಿಂದ ಕೆರೆಗೋ ಹೊಂಡಕ್ಕೋ ನೀರು ತುಂಬಿಸಿಟ್ಟು, ಬಳಿಕ ದೊಡ್ಡ ಪಂಪ್ ಹಚ್ಚಿ ಕೆಲವೇ ದಿನಗಳಲ್ಲಿ ಹಾಯಿಸುವ ಪದ್ಧತಿ ಬೆಳೆದಿದೆ. ಎಲ್ಲ ತೋಟಗಳೂ ಇದನ್ನು ಒಂದೇ ಹೊತ್ತಿಗೆ ಮಾಡುತ್ತವೆ, ಹೊಳೆಯ ಹರಿವು ವರ್ಷದಲ್ಲೇ ಕಡಿಮೆಯಾಗಿರುವ ಹೊತ್ತಿನಲ್ಲಿ.

ಇನ್ನು ನೀರಿನ ಆದಾಯದ, ಅಂದರೆ ಮಳೆಯ, ಕಡೆ ನೋಡಿದರೆ ಚಿತ್ರವೇ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಭಾಗಮಂಡಲದ ಕಡೆ ಅದಕ್ಕೂ ಬಹಳ ಹೆಚ್ಚು, ಕುಶಾಲನಗರದ ಕಡೆ ಅದರ ಸಣ್ಣ ಪಾಲು. 3,000 ಮಿಲಿಮೀಟರ್ ಎಂದರೆ ಒಂದು ಎಕರೆಗೆ ಸುಮಾರು 1.2 ಕೋಟಿ ಲೀಟರ್. ಅದೇ ಎಕರೆಯ ಕಾಫಿಗೆ ಬೇಸಿಗೆಯಲ್ಲಿ ಬೇಕಾಗುವ ಎರಡೂವರೆ ಲಕ್ಷ ಲೀಟರ್ ಇದರ ಶೇ. 2ರಷ್ಟು ಮಾತ್ರ. ಪೂರ್ವದ ಅಂಚಿನಲ್ಲಿ, ಮಳೆ ಸಾವಿರ ಮಿಲಿಮೀಟರಿನ ಆಜುಬಾಜು ಇರುವಲ್ಲಿ, ಈ ಪಾಲು ಶೇ. 6ರವರೆಗೆ ಏರುತ್ತದೆ. ಕೊಡಗಿನ ನೀರಿನ ಪ್ರಶ್ನೆ ಈ ನೂರರಲ್ಲಿ ಎರಡರಿಂದ ಆರು ಪಾಲನ್ನು ಆರು ತಿಂಗಳು ಕಾಪಿಡುವ ಪ್ರಶ್ನೆ.

ಕಾಫಿಯ ಬೆಲೆಯೂ ಇದಕ್ಕೆ ಒತ್ತಡ ಸೇರಿಸಿದೆ. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬೆಳೆ ಕುಗ್ಗಿದ ಪರಿಣಾಮವಾಗಿ 2024ರಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ದರ ಟನ್ನಿಗೆ 5,000 ಡಾಲರ್ ದಾಟಿತು. ಫಸಲಿನ ಬೆಲೆ ಏರಿದಷ್ಟೂ ಹೂಮಳೆಗಾಗಿ ಕಾದು ಕೂರುವ ನಷ್ಟ ದೊಡ್ಡದಾಗುತ್ತದೆ; ಮಳೆಯನ್ನೇ ನಂಬಿದ್ದವರಿಗೂ ಸ್ಪ್ರಿಂಕ್ಲರ್ ಕೊಳ್ಳುವುದು ಲಾಭದ ಮಾತಾಗುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ 2023ರಂಥ ವರ್ಷ ಎದುರಾದಾಗ ಇವರೆಲ್ಲರ ಪಂಪ್‌ಗಳೂ ಒಂದೇ ನೀರಿಗೆ ಇಳಿಯುತ್ತವೆ.

ಒಂದೇ ಜಮೀನು, ಮೂರು ಕಚೇರಿ

ಕೊಡಗಿನ ಸಾಮಾನ್ಯ ಹಿಡುವಳಿಯಲ್ಲಿ ಇಳಿಜಾರಿನ ಮೇಲೆ ಕಾಫಿ, ಆ ಕಾಫಿಗೆ ನೆರಳು ಕೊಡುವ ಮರಕ್ಕೆ ಹಬ್ಬಿದ ಕರಿಮೆಣಸು, ಕೆಳಗಿನ ತಗ್ಗಿನಲ್ಲಿ ಗದ್ದೆ ಇರುತ್ತವೆ. ಮೂರಕ್ಕೂ ನೀರು ಒಂದೇ ಬೆಟ್ಟದಿಂದ ಬರುತ್ತದೆ. ಆದರೆ ಸಹಾಯಧನದ ದೃಷ್ಟಿಯಲ್ಲಿ ಇವು ಬೇರೆ ಬೇರೆ. ಕಾಫಿ ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದ ಕಾಫಿ ಮಂಡಳಿಗೆ ಸೇರಿದ್ದು. ಕರಿಮೆಣಸು, ಅಡಿಕೆ ತೋಟಗಾರಿಕೆ ಇಲಾಖೆಗೆ. ಭತ್ತ ಕೃಷಿ ಇಲಾಖೆಗೆ. ತೋಟಗಾರಿಕೆ ಇಲಾಖೆಯ ಹನಿ ನೀರಾವರಿ ಪ್ರಕಟಣೆಗಳಲ್ಲಿ ಕಾಫಿ, ಟೀ, ರಬ್ಬರ್‌ಗಳನ್ನು ಹೊರಗಿಡುವುದು ರೂಢಿ. ಅವುಗಳಿಗೆ ಮಂಡಳಿಗಳಿವೆಯಲ್ಲ ಎಂಬುದು ಕಾರಣ.

ಹಣದ ದೊಡ್ಡ ಹರಿವು ಇರುವುದು ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆಯಲ್ಲಿ. 2015ರಲ್ಲಿ ಬಂದ ಈ ಯೋಜನೆಯ, 2022ರಿಂದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಗೆ ಸೇರಿಸಲಾದ, ಸೂಕ್ಷ್ಮ ನೀರಾವರಿ ಭಾಗದಲ್ಲಿ ಸಣ್ಣ, ಅತಿಸಣ್ಣ ರೈತರಿಗೆ ವೆಚ್ಚದ ಶೇ. 55, ಉಳಿದವರಿಗೆ ಶೇ. 45 ನೆರವೆಂದು ಕೇಂದ್ರದ ಮಾರ್ಗಸೂಚಿ ಹೇಳುತ್ತದೆ. ಕೇಂದ್ರ, ರಾಜ್ಯಗಳು ಇದನ್ನು 60:40ರಂತೆ ಭರಿಸುತ್ತವೆ. ಕರ್ನಾಟಕ ಅದರ ಮೇಲೆ ತನ್ನದನ್ನೂ ಸೇರಿಸಿ ಕೆಲವು ವರ್ಗದ ರೈತರಿಗೆ ಶೇ. 90ರವರೆಗೂ ಕೊಟ್ಟಿದೆ. ಒಬ್ಬರಿಗೆ ಐದು ಹೆಕ್ಟೇರಿನ ಮಿತಿಯುಂಟು. 2025ರ ಸೆಪ್ಟೆಂಬರ್‌ನಲ್ಲಿ ಹನಿ ಮತ್ತು ತುಂತುರು ಸಲಕರಣೆಗಳ ಮೇಲಿನ ಜಿಎಸ್‌ಟಿಯನ್ನು ಶೇ. 12ರಿಂದ 5ಕ್ಕೆ ಇಳಿಸಿದ್ದರಿಂದ ಕೊಳ್ಳುವವರ ಹೊರೆ ಇನ್ನೂ ತಗ್ಗಿದೆ.

ಕಾಫಿ ಮಂಡಳಿಯ ನೆರವಿನ ವ್ಯಾಪ್ತಿ ಇದಕ್ಕಿಂತ ಅಗಲವಾದದ್ದು. ಮರುನಾಟಿಯಂಥ ಕೆಲಸಗಳ ಜೊತೆಗೆ ಕೆರೆ, ತೆರೆದ ಬಾವಿ, ರಿಂಗ್ ಬಾವಿ, ತುಂತುರು ಮತ್ತು ಹನಿ ನೀರಾವರಿ ಅದರಲ್ಲಿ ಬರುತ್ತವೆ. ನೀರನ್ನು ಹಿಡಿಯುವ ಕೆಲಸವನ್ನೂ ಹಾಯಿಸುವ ಕೆಲಸವನ್ನೂ ಒಂದೇ ಕಡೆ ಗುರುತಿಸಿರುವ ಕಾರಣ, ಕಾಗದದ ಮೇಲೆ ಕೊಡಗಿಗೆ ಹೆಚ್ಚು ಒಪ್ಪುವ ಯೋಜನೆ ಇದೇ. ತೊಂದರೆಯೆಂದರೆ ಮಂಡಳಿಯ ಸಹಾಯಧನ ಪ್ರತಿ ಯೋಜನಾ ಅವಧಿಯಲ್ಲೂ ಹೊಸದಾಗಿ ಮಂಜೂರಾಗಬೇಕು; ನಡುವೆ ನಿಂತುಹೋಗಿ ಮತ್ತೆ ಆರಂಭವಾದ ಉದಾಹರಣೆಗಳಿವೆ. ಕೆರೆ ತೋಡುವ ನಿರ್ಧಾರ ಹತ್ತಾರು ವರ್ಷದ ಮಾತು. ಅನುದಾನದ ಖಾತ್ರಿ ಎರಡು ಮೂರು ವರ್ಷದ್ದು.

ಉಳಿದವು ಬಿಡಿಬಿಡಿಯಾಗಿವೆ. ರಾಜ್ಯದ ಕೃಷಿ ಭಾಗ್ಯ 2014ರಲ್ಲಿ ಬಂದದ್ದು ಮುಖ್ಯವಾಗಿ ಮಳೆಯಾಶ್ರಿತ ಒಣಪ್ರದೇಶಗಳಿಗಾಗಿ. ಹೊಂಡ, ಅದಕ್ಕೆ ಹಾಸುವ ಪಾಲಿಥಿನ್ ಹೊದಿಕೆ, ಪಂಪ್, ಬೇಲಿ ಅದರ ಅಂಗಗಳು. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಸಣ್ಣ ರೈತರ ಸ್ವಂತ ಜಮೀನಿನಲ್ಲಿ ಬಾವಿ, ಹೊಂಡ, ಬದು ಮಾಡಿಕೊಳ್ಳಲು ಅವಕಾಶ ಕಲ್ಪಿಸಲಾಗಿತ್ತು. ತೋಟದ ಕೂಲಿಗೆ ಜನ ಸಿಗದ ಜಿಲ್ಲೆಯಲ್ಲಿ ಅದರ ಕೂಲಿ ದರಕ್ಕೆ ಗುಂಡಿ ತೋಡುವವರು ಎಲ್ಲಿಂದ ಬರಬೇಕು ಎಂಬುದು ಬೇರೆ ಪ್ರಶ್ನೆ.

ಉಪಕರಣ ಬಂದರೆ ನೀರು ಉಳಿಯುತ್ತದೆಯೇ

ಸಹಾಯಧನದ ಪರವಾಗಿರುವವರ ವಾದ ಬಲವಾದದ್ದೇ. ಹಳೆಯ ಸೋರುವ ಪೈಪು, ಒಂದೆಡೆ ಹೊಂಡ ಬೀಳುವಂತೆ ಸುರಿದು ಇನ್ನೊಂದೆಡೆ ತಲುಪದ ಸ್ಪ್ರಿಂಕ್ಲರ್‌ಗಳಿಗಿಂತ, ಸಮನಾಗಿ ಹರಡುವ ಹೊಸ ಸಲಕರಣೆಯಿಂದ ಅದೇ ಎಕರೆಗೆ ಕಡಿಮೆ ನೀರು ಸಾಕು. ಕರಿಮೆಣಸು, ಅಡಿಕೆಗೆ ಹನಿ ನೀರಾವರಿ ಹಾಕಿದರೆ ಉಳಿತಾಯ ಇನ್ನೂ ಸ್ಪಷ್ಟ. ದೊಡ್ಡ ಹಿಡುವಳಿದಾರರು ಸ್ವಂತ ಖರ್ಚಿನಲ್ಲಿ ಕೊಳ್ಳಬಲ್ಲರು. ಎರಡು ಮೂರು ಎಕರೆಯವರಿಗೆ ನೆರವಿಲ್ಲದೆ ಸಾಧ್ಯವಿಲ್ಲ. ಹೂಮಳೆ ಕೈಕೊಟ್ಟ ವರ್ಷ ಒಬ್ಬ ಸಣ್ಣ ಬೆಳೆಗಾರ ಸಾಲಕ್ಕೆ ಬೀಳುವುದನ್ನು ಒಂದು ಸೆಟ್ ಸ್ಪ್ರಿಂಕ್ಲರ್ ತಪ್ಪಿಸಬಹುದು.

ಎದುರಿನ ವಾದ ಇಷ್ಟು ಜನಪ್ರಿಯವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ಎಕರೆಗೆ ಬೇಕಾದ ನೀರು ಕಡಿಮೆಯಾದಾಗ ಬೆಳೆಗಾರ ಉಳಿದ ನೀರನ್ನು ಬಾವಿಯಲ್ಲೇ ಬಿಡುವುದಿಲ್ಲ. ಮೊದಲು ನೀರು ಕಾಣದಿದ್ದ ಇನ್ನೊಂದು ಎಕರೆಗೆ ಹಾಯಿಸುತ್ತಾನೆ, ಎರಡು ಸುತ್ತಿನ ಜಾಗದಲ್ಲಿ ಮೂರು ಸುತ್ತು ಕೊಡುತ್ತಾನೆ. ಅವನ ಮಟ್ಟಿಗೆ ಇದು ವಿವೇಕವೇ, ಆದರೆ ಬಾವಿಯಿಂದ ಎತ್ತುವ ಒಟ್ಟು ನೀರು ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಸಹಾಯಧನದ ಯಶಸ್ಸನ್ನು ಇಲಾಖೆ ಅಳೆಯುವುದು ಎಷ್ಟು ಹೆಕ್ಟೇರಿಗೆ ಉಪಕರಣ ಅಳವಡಿಸಲಾಯಿತು ಎಂಬ ಸಂಖ್ಯೆಯಿಂದ. ಎಷ್ಟು ನೀರು ಉಳಿಯಿತು ಎಂಬ ಅಂಕಣ ಆ ವರದಿಯಲ್ಲಿ ಇರುವುದಿಲ್ಲ.

ಹೊಂಡದ ವಿಷಯದಲ್ಲೂ ಇಂಥದ್ದೇ ಒಂದು ತೊಡಕಿದೆ. ಪಾಲಿಥಿನ್ ಹಾಸಿದ ಹೊಂಡ ನೀರನ್ನು ಹಿಡಿದಿಡುತ್ತದೆ, ಒಂದು ಹನಿಯನ್ನೂ ಭೂಮಿಗೆ ಇಂಗಿಸುವುದಿಲ್ಲ. ಹಾಸದ ಹೊಂಡ ಇಂಗಿಸುತ್ತದೆ, ಆದರೆ ಮಾರ್ಚ್‌ನಲ್ಲಿ ಅದರಲ್ಲಿ ನೀರಿರುವ ಭರವಸೆಯಿಲ್ಲ. 21 ಮೀಟರ್ ಚೌಕದ, ಮೂರು ಮೀಟರ್ ಆಳದ ಹೊಂಡದ ದಡಗಳನ್ನು ಓರೆಯಾಗಿ ತೆಗೆದರೆ ಅದರಲ್ಲಿ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಆವಿಯಾಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಾಲ್ಕು ಎಕರೆಗೆ ಎರಡು ಸುತ್ತಿಗೆ ಮಾತ್ರ ಸಾಕು. ಇದನ್ನು ಮಳೆಗಾಲದಲ್ಲಿ ಹರಿದುಬರುವ ನೀರಿನಿಂದ ತುಂಬಿಸಿದರೆ ಅದು ನಿಜವಾದ ಸಂರಕ್ಷಣೆ. ಜನವರಿಯಲ್ಲಿ ಕೊಳವೆ ಬಾವಿಯಿಂದ ತುಂಬಿಸಿದರೆ, ನೆಲದಡಿಯಲ್ಲಿ ತಂಪಾಗಿದ್ದ ನೀರನ್ನು ಬಿಸಿಲಿಗೆ ತಂದಿಟ್ಟಂತಾಗುತ್ತದೆ. ಮಹಾರಾಷ್ಟ್ರದಲ್ಲಿ 2016ರ ನಂತರ ಬೇಡಿದವರಿಗೆಲ್ಲ ಹೊಂಡ ಎಂಬ ಯೋಜನೆ ಹಬ್ಬಿದಾಗ ಕೇಳಿಬಂದ ಮುಖ್ಯ ಟೀಕೆ ಇದೇ ಆಗಿತ್ತು: ಮಳೆನೀರಿಗಾಗಿ ಕೊಟ್ಟ ಹೊಂಡಗಳನ್ನು ಅಂತರ್ಜಲದಿಂದ ತುಂಬಿಸಲಾಗುತ್ತಿದೆ. ಎರಡೂ ಹೊಂಡಗಳು ಫೋಟೊದಲ್ಲಿ ಒಂದೇ ರೀತಿ ಕಾಣುತ್ತವೆ, ಬಿಲ್ ಪಾಸಾಗುವುದು ಫೋಟೊ ನೋಡಿ.

ಕೊಡಗಿನಲ್ಲಿ ಇದರ ಪರಿಣಾಮವನ್ನು ಮೊದಲು ಅನುಭವಿಸುವವರು ಸಹಾಯಧನ ಪಡೆದವರಲ್ಲ. ತೋಟದ ಕೆಳಭಾಗದಲ್ಲಿ ತೆರೆದ ಬಾವಿಯನ್ನೇ ನಂಬಿರುವ ಮನೆಗಳು, ಲೈನ್‌ಮನೆಗಳ ಕಾರ್ಮಿಕರು, ತೋಡಿನ ನೀರಿನಿಂದ ನಡೆಯುವ ಪಂಚಾಯಿತಿಯ ಕುಡಿಯುವ ನೀರಿನ ಯೋಜನೆಗಳು ಸಾಲಿನಲ್ಲಿ ಮುಂದೆ ಇವೆ. ಅವುಗಳ ಬಾವಿ ಬತ್ತಿದಾಗ ಪಂಚಾಯಿತಿ ಇನ್ನೊಂದು ಕೊಳವೆ ಬಾವಿ ಕೊರೆಸುತ್ತದೆ. ಗಟ್ಟಿ ಶಿಲೆಯ ಬಿರುಕು ಸಿಕ್ಕರೆ ನೀರು, ಇಲ್ಲದಿದ್ದರೆ ಧೂಳು. ಕೆಳಗಿನ ಕೊಂಡಿಯನ್ನೂ ಮರೆಯುವಂತಿಲ್ಲ. ಬೇಸಿಗೆಯಲ್ಲಿ ಕಾವೇರಿಯಲ್ಲಿ ಹರಿಯುವುದು ಇದೇ ಬೆಟ್ಟಗಳ ಒಸರು. ತೋಟಗಳು ಹೊಳೆಯಿಂದ ನೀರೆತ್ತುವುದನ್ನು ನಿಷೇಧಿಸಿ, ಹೊಳೆಗೆ ಒಸರು ಕೊಡುವ ಪದರದಿಂದ ಎತ್ತುವುದನ್ನು ಬಿಟ್ಟರೆ, ನಿಷೇಧ ಅರ್ಧಕ್ಕೇ ನಿಲ್ಲುತ್ತದೆ.

ಗದ್ದೆಗೆ ಯಾರು ಹಣ ಕೊಡಬೇಕು

ಕೊಡಗಿನ ನೀರಿನ ಚರ್ಚೆಯಲ್ಲಿ ಅತ್ಯಂತ ಕಡಿಮೆ ಹಣ ಪಡೆಯುವ, ಬಹುಶಃ ಅತ್ಯಂತ ಹೆಚ್ಚು ನೀರು ಹಿಡಿಯುವ ವ್ಯವಸ್ಥೆಯೆಂದರೆ ಗದ್ದೆ. ಎರಡು ಬೆಟ್ಟಗಳ ನಡುವಿನ ತಗ್ಗಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಬದುಕಟ್ಟಿದ ಗದ್ದೆಗಳು ಮುಂಗಾರಿನ ಹರಿವನ್ನು ತಡೆದು ನಿಲ್ಲಿಸುತ್ತವೆ. ಕೆಸರು ಮಾಡಿದ ತಳ ನೀರನ್ನು ಬೇಗ ಬಿಡುವುದಿಲ್ಲ, ನಿಜ. ಆದರೆ ಪುತ್ತರಿ (ಹುತ್ತರಿ) ಹಬ್ಬದ ಕೊಯ್ಲಿನ ಹತ್ತಿರದವರೆಗೂ ನಾಲ್ಕೈದು ತಿಂಗಳು ನೀರು ನಿಂತಿರುವುದರಿಂದ ನಿಧಾನವಾದ ಆ ಇಂಗುವಿಕೆಯೇ ತಗ್ಗಿನ ಮೇಲ್ಪದರವನ್ನು ತುಂಬಿಡುತ್ತದೆ. ಗದ್ದೆಯ ಅಂಚಿನ ಬಾವಿಗಳಲ್ಲಿ ನೀರು ತಡವಾಗಿ ಇಳಿಯುವುದಕ್ಕೆ ಇದೂ ಒಂದು ಕಾರಣ.

ಗದ್ದೆ ಬಿಡುವವರಿಗೆ ಅವರದೇ ಕಾರಣಗಳಿವೆ. ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿಗೆ ಭತ್ತದ ಬೆಲೆ ಸಾಲುವುದಿಲ್ಲ, ಕಾಡಾನೆ ಒಂದು ರಾತ್ರಿಯಲ್ಲಿ ಪೈರನ್ನು ತುಳಿದುಹಾಕುತ್ತದೆ. ಹಾಗಾಗಿ ಗದ್ದೆಗಳು ಪಾಳು ಬೀಳುತ್ತವೆ, ಶುಂಠಿಗೆ ಗುತ್ತಿಗೆ ಹೋಗುತ್ತವೆ, ಮಣ್ಣು ತುಂಬಿಸಿಕೊಂಡು ನಿವೇಶನಗಳಾಗುತ್ತವೆ. ಶುಂಠಿಗೆ ನೀರು ನಿಲ್ಲಬಾರದಾದ್ದರಿಂದ ಬದು ಒಡೆದು ಕಾಲುವೆ ತೆಗೆಯುತ್ತಾರೆ. ಒಂದು ಕಾಲದಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿದ್ದ ನೀರು ಗಂಟೆಗಳಲ್ಲಿ ತೋಡು ಸೇರುತ್ತದೆ.

ಒಂದೇ ಸೂತ್ರ ಎಲ್ಲೆಡೆಗೆ ಸಲ್ಲದು ಎಂಬುದಕ್ಕೆ ಇಲ್ಲಿ ಒಳ್ಳೆಯ ನಿದರ್ಶನವಿದೆ. ಹರಿಯಾಣ ಸರ್ಕಾರ 2020ರಲ್ಲಿ, ಭತ್ತ ಬಿಟ್ಟು ಬೇರೆ ಬೆಳೆಗೆ ಹೋಗುವ ರೈತರಿಗೆ ಎಕರೆಗೆ 7,000 ರೂಪಾಯಿ ಕೊಡುವ ಯೋಜನೆ ತಂದಿತು. ಅಲ್ಲಿ ಭತ್ತ ಬೆಳೆಯುವುದೇ ಕೊಳವೆ ಬಾವಿಯ ನೀರಿನಿಂದ. ಭತ್ತ ಬಿಟ್ಟರೆ ಅಂತರ್ಜಲ ಉಳಿಯುತ್ತದೆ. ಅದೇ ವರ್ಷ ಕೇರಳ ಸರ್ಕಾರ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡ ಮಾಲೀಕರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಘೋಷಿಸಿತು. ಅಲ್ಲಿ ಗದ್ದೆ ನಿಲ್ಲುವುದು ಮಳೆಯ ನೀರಿನಲ್ಲಿ. ಗದ್ದೆ ಹೋದರೆ ಅಂತರ್ಜಲವೂ ಹೋಗುತ್ತದೆ. ಎರಡೂ ಸರ್ಕಾರಗಳು ತಮ್ಮ ನೆಲಕ್ಕೆ ಸರಿಯಾದದ್ದನ್ನೇ ಮಾಡಿದವು. ಕೊಡಗು ಗಡಿಯಾಚೆಯ ವಯನಾಡು, ಕಣ್ಣೂರಿನ ನೆಲಕ್ಕೆ ಹತ್ತಿರ, ಆದರೆ ಇಲ್ಲಿಗೆ ಬರುವ ಯೋಜನೆಗಳ ತರ್ಕ ಒಣಸೀಮೆಗೆ ಹತ್ತಿರ.

2,000 ರೂಪಾಯಿಗೆ ಯಾರೂ ಶುಂಠಿಯ ಗುತ್ತಿಗೆ ಬಿಡುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೇರಳದಲ್ಲಿ ಆ ಹಣದ ಹಿಂದೆ ಗದ್ದೆ ಪರಿವರ್ತನೆಯನ್ನು ತಡೆಯುವ 2008ರ ಕಾಯ್ದೆಯ ಬಲವೂ ಇದೆ. ಹಾಗಿದ್ದರೂ ಒಂದು ಕೆಲಸ ಸಾಧ್ಯ: ಬದು ಉಳಿಸಿಕೊಂಡು ಮಳೆಗಾಲದಲ್ಲಿ ನೀರು ನಿಲ್ಲಿಸುವ ಗದ್ದೆಯನ್ನು, ನಾಟಿ ಮಾಡಲಿ ಬಿಡಲಿ, ನೀರು ಸಂರಕ್ಷಣೆಯ ಕಾಮಗಾರಿಯೆಂದೇ ಪರಿಗಣಿಸುವುದು. ಹೊಸ ಹೊಂಡ ತೋಡಲು ಕೊಡುವ ಹಣದ ಒಂದಂಶದಲ್ಲಿ ಇದ್ದ ಬದುಗಳು ಉಳಿಯುತ್ತವೆ.

ಇಳಿಜಾರಿನಲ್ಲಿ ಎಚ್ಚರ

ನೀರು ಇಂಗಿಸಿ ಎಂಬ ಸಲಹೆಗೆ ಕೊಡಗಿನಲ್ಲಿ ಒಂದು ಗಡಿಯಿದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಬೆಟ್ಟಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಜರಿದು ಜೀವಹಾನಿಯಾಯಿತು. ಬೆಟ್ಟದ ಮೇಲೆ ತೋಡಿದ ಇಂಗುಗುಂಡಿಗಳೂ ಕಾರಣವೆಂಬ ಆರೋಪ ಆಗ ಸಾರ್ವಜನಿಕವಾಗಿ ಕೇಳಿಬಂತು. ಒಂದು ಕುಸಿತಕ್ಕೆ ಒಂದೇ ಕಾರಣ ಹೇಳುವುದು ಕಷ್ಟ, ಆದರೆ ಭೌತಿಕ ತತ್ತ್ವದಲ್ಲಿ ಅನುಮಾನವಿಲ್ಲ: ಶಿಥಿಲ ಪದರ ನೀರು ಹೀರಿದಷ್ಟೂ ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಕಡಿದಾದ ಇಳಿಜಾರಿನಲ್ಲಿ ಜಾರುತ್ತದೆ. ಜೆಸಿಬಿಯಿಂದ ಅಡ್ಡ ಕೊರೆದ ಬೆಟ್ಟದಲ್ಲಂತೂ ಈ ಅಪಾಯ ಹೆಚ್ಚು.

ಆದ್ದರಿಂದ ತಾಲ್ಲೂಕಿಗೆ ಇಷ್ಟು ಇಂಗುಗುಂಡಿ ಎಂದು ಗುರಿ ನಿಗದಿಪಡಿಸುವ ಯೋಜನೆ ಇಲ್ಲಿ ನಿರುಪಯುಕ್ತವಷ್ಟೇ ಅಲ್ಲ, ಅಪಾಯಕಾರಿಯೂ ಆಗಬಹುದು. ಕಾಫಿ ಸಾಲುಗಳ ನಡುವೆ ಇಳಿಜಾರಿಗೆ ಅಡ್ಡವಾಗಿ, ಒಂದರ ಕೆಳಗೊಂದು ಬಾರದಂತೆ ತೆಗೆಯುವ ತೊಟ್ಟಿಲುಗುಂಡಿಗಳು ಹಿಂದಿನಿಂದ ಬಂದ ಪದ್ಧತಿ. ಸಣ್ಣವು, ಮಣ್ಣನ್ನೂ ತರಗೆಲೆಯನ್ನೂ ಹಿಡಿಯುತ್ತವೆ, ಬೇರಿನ ಹಿಡಿತವಿರುವಲ್ಲೇ ಇರುತ್ತವೆ. ಮಂದವಾದ ಇಳಿಜಾರಿಗೆ ಅವು, ತಗ್ಗಿಗೆ ಕೆರೆ ಮತ್ತು ಗದ್ದೆ, ಕಡಿದಾದ ನೆತ್ತಿಗೆ ಮರಗಳಲ್ಲದೆ ಮತ್ತೇನೂ ಬೇಡ. ಅನುದಾನದ ಷರತ್ತಿನಲ್ಲಿ ಜಮೀನಿನ ಇಳಿಜಾರು ಎಷ್ಟು ಎಂಬ ಒಂದು ಸಾಲು ಸೇರಿದರೂ ದೊಡ್ಡ ತಪ್ಪುಗಳು ತಪ್ಪುತ್ತವೆ.

ಪಹಣಿಯ ತೊಡಕು

ಸಹಾಯಧನಕ್ಕೆ ಅರ್ಜಿ ಹಾಕಲು ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಸಂಖ್ಯೆ ಬೇಕು, ಅದಕ್ಕೆ ಅರ್ಜಿದಾರರ ಹೆಸರಿನ ಪಹಣಿ ಬೇಕು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ದಾಖಲೆ ಹಲವೆಡೆ ಇನ್ನೂ ಒಕ್ಕದ, ಅಂದರೆ ಕುಲದ, ಹಿರಿಯನಾದ ಪಟ್ಟೇದಾರರ ಹೆಸರಿನಲ್ಲೋ ಹಲವರ ಜಂಟಿ ಹೆಸರಿನಲ್ಲೋ ಇದ್ದು, ತೋಟ ಮಾಡುವವರು ಬೇರೆಯವರಾಗಿರುತ್ತಾರೆ. ಬೇರೆ ಜಿಲ್ಲೆಯ ರೈತನಿಗೆ ಒಂದು ದಿನದ ಕೆಲಸವಾದದ್ದು ಇಲ್ಲಿ ಬಂಧುಗಳೆಲ್ಲರ ಒಪ್ಪಿಗೆಯ ಪ್ರಶ್ನೆಯಾಗುತ್ತದೆ. ದಾಖಲೆ ಸರಿಯಿರುವವರಿಗೆ ಎರಡನೆಯ ಸಲವೂ ನೆರವು ಸಿಗಬಹುದು, ಇಲ್ಲದವರಿಗೆ ಮೊದಲನೆಯದೂ ಸಿಗದು.

ಮೀಟರ್ ಉಳಿಯುತ್ತದೆಯೇ

ಅಂತರ್ಜಲದ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವ ಸಹಾಯಧನ ‘ಅಂತರ್ಜಲ’ ಎಂಬ ಹೆಸರಿನಲ್ಲಿ ಬರುವುದೇ ಇಲ್ಲ. ಅದು ವಿದ್ಯುತ್ತಿನ ರೂಪದಲ್ಲಿ ಬರುತ್ತದೆ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತ, ಅವುಗಳಲ್ಲಿ ಬಹುಪಾಲಿಗೆ ಮೀಟರ್ ಇಲ್ಲ. ಕಾಫಿ, ಟೀ, ರಬ್ಬರ್ ತೋಟಗಳನ್ನು ಮಾತ್ರ ಪ್ರತ್ಯೇಕ ದರವರ್ಗದಲ್ಲಿಟ್ಟು ಮೀಟರ್ ಓದಿ ಬಿಲ್ ಕೊಡಲಾಗುತ್ತದೆ. ಬಯಲಿನ ರೈತರಿಗೆ ಸಿಗುವ ಉಚಿತ ವಿದ್ಯುತ್ ತಮಗೂ ಬೇಕೆಂಬುದು ಬೆಳೆಗಾರರ ಬಹುಕಾಲದ ಬೇಡಿಕೆ. ಬಿಲ್ ಮೊದಲು ಕಟ್ಟಿ, ಹಣವನ್ನು ನಂತರ ಖಾತೆಗೆ ಮರಳಿ ಪಡೆಯುವ ಕ್ರಮದ ಬಗ್ಗೆ, ಹಳೆಯ ಬಾಕಿಯ ಬಗ್ಗೆ ಜಗ್ಗಾಟ ನಡೆಯುತ್ತಲೇ ಬಂದಿದೆ.

ಸಮಾನತೆಯ ದೃಷ್ಟಿಯಿಂದ ಬೇಡಿಕೆ ನ್ಯಾಯವಾದದ್ದು. ಆದರೆ ಅದು ಈಡೇರುವ ರೀತಿ ಮುಖ್ಯ. ಮೀಟರ್ ತೆಗೆದು ವಿದ್ಯುತ್ ಉಚಿತ ಮಾಡಿದರೆ, ಯಾವ ತೋಟ ಯಾವ ತಿಂಗಳು ಎಷ್ಟು ಎತ್ತುತ್ತದೆ ಎಂಬುದಕ್ಕೆ ಇಂದು ಇರುವ ಒಂದೇ ಸುಳಿವೂ ಅಳಿಸಿಹೋಗುತ್ತದೆ. ಮೀಟರ್ ಇಟ್ಟುಕೊಂಡೇ ಹಣ ಮರಳಿಸಿದರೆ ಬೇರೊಂದು ದಾರಿ ತೆರೆಯುತ್ತದೆ. ಪಂಜಾಬ್ 2018ರಲ್ಲಿ ಆರಂಭಿಸಿದ ಯೋಜನೆಯಲ್ಲಿ ರೈತನಿಗೆ ಇಷ್ಟು ಯೂನಿಟ್ ಎಂದು ನಿಗದಿಪಡಿಸಿ, ಅದಕ್ಕಿಂತ ಕಡಿಮೆ ಬಳಸಿದರೆ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿಯನ್ನು ಅವನ ಖಾತೆಗೆ ಹಾಕಲಾಯಿತು. ಅಲ್ಲಿ ಮೊದಲು ಮೀಟರ್ ಹಾಕಿಸಲು ರೈತರ ಮನವೊಲಿಸಬೇಕಾಯಿತು. ಕೊಡಗಿನಲ್ಲಿ ಆ ಕಷ್ಟದ ಹೆಜ್ಜೆ ಈಗಾಗಲೇ ಮುಗಿದಿದೆ. ಮಳೆಗಾಲದಲ್ಲಿ ಕೆರೆ ತುಂಬಿಸಿಕೊಂಡು ಜನವರಿಯಿಂದ ಏಪ್ರಿಲ್‌ವರೆಗೆ ಕೊಳವೆ ಬಾವಿಯ ಪಂಪ್ ಕಡಿಮೆ ಓಡಿಸಿದ ಬೆಳೆಗಾರನನ್ನು ಬಿಲ್‌ನಲ್ಲೇ ಗುರುತಿಸಬಹುದು, ಸ್ಪ್ರಿಂಕ್ಲರ್‌ನ ಸಹಾಯಧನದ ಕೊನೆಯ ಕಂತನ್ನು ಅದಕ್ಕೆ ಹೊಂದಿಸಬಹುದು.

ಡೀಸೆಲ್ ಪಂಪ್‌ಗಳು ಈ ಲೆಕ್ಕಕ್ಕೆ ಸಿಗುವುದಿಲ್ಲ, ಕೆರೆಯಿಂದ ಹಾಯಿಸುವ ಪಂಪ್‌ಗೂ ಕೊಳವೆ ಬಾವಿಯ ಪಂಪ್‌ಗೂ ಒಂದೇ ಸಂಪರ್ಕವಿದ್ದರೆ ಬೇರ್ಪಡಿಸುವುದು ಕಷ್ಟ. ಹಾಗಾಗಿ ಇದರ ಜೊತೆಗೆ ಪಂಚಾಯಿತಿಗೆ ಕೆಲವು ತೆರೆದ ಬಾವಿಗಳಲ್ಲಾದರೂ ಡಿಸೆಂಬರ್‌ನಿಂದ ಮೇವರೆಗೆ ತಿಂಗಳಿಗೊಮ್ಮೆ ನೀರಿನ ಮಟ್ಟ ಬರೆದಿಡಬೇಕು. ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ಜನವರಿಯ ಅಳತೆಗೂ ಬೇಸಿಗೆಯ ಅಳತೆಗೂ ನಡುವೆ ಹೂವಿನ ನೀರಾವರಿಯ ತಿಂಗಳುಗಳು ದಾಖಲಾಗದೆ ಕಳೆದುಹೋಗುತ್ತವೆ. ಈ ತಿಂಗಳವಾರು ಲೆಕ್ಕ ಮೂರು ನಾಲ್ಕು ವರ್ಷ ಕೈಯಲ್ಲಿದ್ದರೆ, ವಾರ್ಷಿಕ ಸರಾಸರಿಯ ಆಧಾರದಲ್ಲಿ ಜಿಲ್ಲೆಯನ್ನು ಹೊರಗಿಡುವ ಮುಂದಿನ ಯೋಜನೆಯ ಮುಂದೆ ಇಡಲು ಕೊಡಗಿನ ಬಳಿ ಅರ್ಜಿಗಿಂತ ಗಟ್ಟಿಯಾದದ್ದು ಇರುತ್ತದೆ.